ಬೆನ್ನಿನ ಪಾತ್ರ

ಹೆಸರು ಬಾಸ್ತಿಯಾಂ ಕೊರ್ವೇ. ನಮ್ಮ ಕೋಡಿಬಾಗದ ನಾಲಗೆಗೆ
ಒಂದೇ ದಿನದಲ್ಲಿ ಬಸ್ತ್ಯಾಂವ ಆದ.
ಇಗರ್ಜಿ ಓಣಿಯಲ್ಲಿ ಆ ಹೆಸರಿನವರು ಮೊದಲೇ ಇಬ್ಬರು,
ಒಬ್ಬ ಬೇಕರಿಯವ, ಒಬ್ಬ ತೀರಿಕೊಂಡವ.
ಮೂರನೆಯವ ಫ್ರಾನ್ಸಿನಿಂದ ಬಂದ
ಹದಿನಾಲ್ಕು ಪೆಟ್ಟಿಗೆ, ಒಂದು ಕರಿ ಛತ್ರಿ,
ಮುನಿಸಿಕೊಂಡ ಮಗನ ಜೊತೆ.

ಕಾಳಿಗೆ ಸೇತುವೆ ಬಂದು ತಾರಿ ನಿಂತು ಎಷ್ಟು ವರ್ಷವಾಯಿತು!
ಅವನಿಗೆ ಬೇಕಾದದ್ದು ತಾರಿಯೇ.
ಹುಟ್ಟು ಹಾಕುವ ದೋಣಿ, ಹಾಕಬಲ್ಲ ಮುದುಕ.
ಯಾರೋ ನನ್ನ ಮನೆ ತೋರಿಸಿದರು.

ಮಧ್ಯಾಹ್ನ ಗಾಳಿಮರದ ನೆರಳಲ್ಲಿ ಕೂತು
ಬಂಗಡೆಯ ಮುಳ್ಳು ಬಿಡಿಸುತ್ತ ತನ್ನ ಕತೆ ಹೇಳಿದ.
ಅರ್ಧ ದುಭಾಷಿ ಹುಡುಗಿ ಹೇಳಿದಳು,
ಅರ್ಧ ಅವನ ಕೈ ಹೇಳಿತು.

ಅಜ್ಜ ಸಿನಿಮಾ ತೆಗೆಯುತ್ತಿದ್ದ. ಅಪ್ಪ ಅದರಲ್ಲಿ ಕುದುರೆ ಏರುತ್ತಿದ್ದ.
ಅಮ್ಮ ಕತ್ತರಿ ಹಿಡಿದು ಇಬ್ಬರನ್ನೂ ಗಿಡ್ಡ ಮಾಡುತ್ತಿದ್ದಳು.
ಆರು ತಿಂಗಳ ಕೂಸಿಗೆ ಮೊದಲ ಪಾತ್ರ: ಅಳುವುದು.
ಅಳಲಿಲ್ಲವೆಂದು ಅಜ್ಜ ಚಿವುಟಿದನಂತೆ.
ಏಳಕ್ಕೆ ಕಳೆದುಹೋದ ಹುಡುಗ, ಹದಿನೇಳಕ್ಕೆ ಮನೆ ಬಿಟ್ಟವ,
ಇಪ್ಪತ್ತೈದಕ್ಕೆ ಆ ದೇಶದ ಗೋಡೆಗೋಡೆಗೂ ಇವನ ಗಲ್ಲ.
ನಲವತ್ತಕ್ಕೆ ತನ್ನ ಮುಖ ತನಗೇ ಸಾಕಾಗಿ
ಕ್ಯಾಮೆರಾದ ಹಿಂದೆ ಹೋಗಿ ಕೂತ.
ಮೊದಲನೆಯದು ಮುಳುಗಿತು. ಎರಡನೆಯದೂ.
ಮೂರನೆಯದಕ್ಕೆ ಎಂತದೋ ಬಹುಮಾನ;
ಕೊಡುವಾಗ ಮೈಕಿನಲ್ಲಿ ಕೂಗಿದ್ದು ಅಜ್ಜನ ಹೆಸರು.

‘ನಿನ್ನ ಅಜ್ಜ ಏನು ಮಾಡುತ್ತಿದ್ದ?’
ತಾರಿ.
‘ಅಪ್ಪ?’
ತಾರಿ.
ಆಮೇಲೆ ಇಬ್ಬರೂ ಸುಮ್ಮನೆ ಸೋಲಕಡಿ ಕುಡಿದೆವು.

ಆಗಬೇಕಾದದ್ದು ಇಷ್ಟೇ: ಸತ್ತ ಅಪ್ಪನ ಕೋಟು ತೊಟ್ಟು
ಮಗ ಸಂಜೆ ಹೊತ್ತಿಗೆ ಹೊಳೆ ದಾಟುವುದು.
ನಾನು ಕಲಿಸುವವ, ಅವನ ಮಗ ಮಾಡುವವ.
ಎರಡು ದಿನ ಕಲಿತ ಹುಡುಗ. ಕೈ ಬೊಬ್ಬೆ ಬಂತು.
ಮೂರನೆಯ ದಿನ ಕೋಟನ್ನು ಮರಳಿಗೆ ಎಸೆದು
ರಿಕ್ಷಾ ಹತ್ತಿ ಸ್ಟೇಷನ್ನಿಗೆ ಹೋದ.
ಎಂತ ಹೇಳಿ ಹೋದ, ಕೇಳಿದೆ.
‘ನಾನು ನಿನ್ನ ಆರು ತಿಂಗಳ ಕೂಸಲ್ಲ’
ಎಂದು ದುಭಾಷಿ ಹುಡುಗಿ ನೆಲ ನೋಡುತ್ತ ಹೇಳಿದಳು.

ಕೂರ್ಮಗಡದ ಪಕ್ಕ ಸೂರ್ಯ ಒಂದು ಗೇಣು.
ಭರತಿ ಯಾರ ಮನೆಯ ಜಗಳಕ್ಕೂ ಕಾಯುವುದಿಲ್ಲ.
ಬಸ್ತ್ಯಾಂವ ಕೋಟು ಎತ್ತಿ ಮರಳು ಝಾಡಿಸಿ
ನನ್ನ ಹೆಗಲಿಗೆ ಹಾಕಿದ. ತೋಳು ಉದ್ದ, ಎರಡು ಮಡಿಕೆ ಮಡಚಿದ.
‘ಮುಖ ಬೇಡ. ಬೆನ್ನು ಸಾಕು.’
ಅಳಬೇಕೇ ಎಂದು ಕೇಳಿದೆ.
ಬೆನ್ನಿಗೆ ಎಂತ ಅಳು ಮಾರಾಯ್ರೇ, ಎಂದಳು ಹುಡುಗಿ,
ಅವನನ್ನು ಕೇಳದೆಯೇ.

ಹಾಗೆ ನನ್ನ ಬೆನ್ನು ಫ್ರಾನ್ಸಿಗೆ ಹೋಯಿತು.
ನಾನು ಇಲ್ಲೇ ಇದ್ದೆ.

ಹಳೆ ಸೇತುವೆ ಕುಸಿದ ಮಳೆಗಾಲದಲ್ಲಿ
ಅಂಚೆಯಲ್ಲಿ ಬೆರಳುದ್ದದ ಒಂದು ಪೆನ್‌ಡ್ರೈವ್.
ಮೊಮ್ಮಗಳು ಸಾನಿಕಾ ಲ್ಯಾಪ್‌ಟಾಪಿಗೆ ಚುಚ್ಚಿದಳು.
ಒಂದು ತಾಸು ಬಿಳಿ ಜನ ಬಾಗಿಲು ತೆರೆದರು, ಮುಚ್ಚಿದರು,
ಸಿಗರೇಟು ಹಚ್ಚಿದರು, ಬೆಕ್ಕಿಗೆ ಏನೋ ಹೇಳಿದರು.
ಆಮೇಲೆ ನಮ್ಮ ಹೊಳೆ. ದೋಣಿ. ಕೋಟಿನೊಳಗೆ ಒಂದು ಬೆನ್ನು.

ನಿಲ್ಲಿಸು ಎಂದೆ.
‘ಅಜ್ಜ, ನೀನೇ!’

ನಾನಲ್ಲ.
ನನ್ನ ಬೆನ್ನು ನಾನೆಂದು ಕಂಡವನು?
ಅಪ್ಪನ ಒಂದು ಫೋಟೋ ನಮ್ಮಲ್ಲಿಲ್ಲ;
ತಾರಿಯ ಪರವಾನಗಿಗೆ ತೆಗೆಸಿದ್ದು ಗೆದ್ದಲಿಗೆ ಹೋಯಿತು.
ಮುಖ ಮರೆತೇ ಹೋಗಿದೆ, ಸುಳ್ಳೇಕೆ?
ಅವನು ಮುಂದೆ ನಿಂತು ಹುಟ್ಟು ಹಾಕುತ್ತಿದ್ದ,
ನಾನು ಹಿಂದೆ ಬುಟ್ಟಿಗಳ ಸಂದಿಯಲ್ಲಿ ಕೂತು
ಬಾಲ್ಯವೆಲ್ಲ ನೋಡಿದ್ದು ಇದನ್ನೇ:
ಎಡ ಹೆಗಲು ಎರಡು ಬೆರಳು ಕೆಳಗೆ,
ಭರತಿ ಜೋರಿದ್ದರೆ ಮೂರು.

ಕೊನೆಯಲ್ಲಿ ಹೆಸರುಗಳು ಮೇಲೇರಿದವು.
ಕೊರ್ವೇ, ಕೊರ್ವೇ, ಮತ್ತೂ ಒಬ್ಬ ಕೊರ್ವೇ. ಹೋದ ಮಗನದ್ದೂ
ತೆಗೆದಿರಲಿಲ್ಲ. ಲೈಟಿನವರ ಕೆಳಗೆ, ಅಡುಗೆಯವರ ಮೇಲೆ
ಥಾಕು ಹರಿಕಂತ್ರ, ಒಂದು ಅಕ್ಷರ ತಪ್ಪಾಗಿ.

ದೋಣಿಯದ್ದನ್ನು ಮತ್ತೆ ಹಾಕು, ಹಿಂದಕ್ಕೆ ತಿರುಗಿಸು, ಎಂದೆ.
‘ಹಿಂದಕ್ಕೆ ತಿರುಗಿಸಿದರೆ ದೋಣಿ ವಾಪಸು ದಡಕ್ಕೇ ಬರುತ್ತದಲ್ಲ, ಅಜ್ಜ.’

ಬರಲಿ.