ಕಿವಿಗುರುತು

ಟ್ರೊಮ್ಸೋದ ಅಚ್ಚುಮನೆಯಲ್ಲಿ ದೀಪ ಆರಿಸದ ತಿಂಗಳು.
ಹೊರಗೆ ಮೂರು ವಾರದಿಂದ ಸೂರ್ಯನಿಲ್ಲ.
ಪರದೆಯ ಮೇಲೆ ಕೂರಿಸುತ್ತಿದ್ದೇನೆ
ಹಿಮಸಾರಂಗಗಳ ಕಿವಿಗಳನ್ನು,
ಸಾಲಿನ ನಡುವೆ, ಪದದ ಪಕ್ಕ, ಒಂದೊಂದಾಗಿ.

ಪುಸ್ತಕ ದೊಡ್ಡದೇನಲ್ಲ:
ಯಾರ ಮಂದೆ, ಯಾವ ಕಣಿವೆ,
ಯಾವ ಕಚ್ಚು ಯಾರಿಂದ ಯಾರಿಗೆ ಬಂತು.

ಮೊದಮೊದಲು ತೇಲಲು ಬಿಟ್ಟಿದ್ದೆ ಚಿತ್ರಗಳನ್ನು.
ಮೇಲೆಲ್ಲೋ ಒಂದು ಪದ ಸೇರಿಸಿದರೆ ಸಾಕು,
ಮಾತು ಮುಂದೆ ಹೋಯಿತು, ಕಿವಿ ಹಿಂದೆಯೇ ಉಳಿಯಿತು.
ಅತ್ತೆಯ ಹೆಸರಿನ ಪಕ್ಕ ಸೊಸೆಯ ಗುರುತು;
ಪುಟ ನಲವತ್ತೊಂದರ ಅಂಚಿನಲ್ಲಿ
ಯಾರದ್ದೂ ಅಲ್ಲದ ಏಳು ಕಿವಿ.

ಆಮೇಲೆ ಕಟ್ಟಿಹಾಕಿದೆ.
ಇದೂ ಒಂದಕ್ಷರವೇ ಎಂದು ಸಾಲಿಗೆ ಹೇಳಿದೆ.
ಸಾಲು ಒಪ್ಪಿತು. ಆದರೆ ಕಿವಿ ಬಂದಲ್ಲೆಲ್ಲ
ಮೇಲಿನ ಸಾಲು ದೂರ ಸರಿದು ಕೂತಿತು,
ನೆಂಟರು ಬಂದರೆಂದು ಚಾಪೆ ಎಳೆದುಕೊಂಡವರ ಹಾಗೆ.

ಕುಗ್ಗಿಸಿದೆ, ಹನ್ನೊಂದು ಪಾಯಿಂಟಿಗೆ.
ಅಡಿಗೆರೆಯಿಂದ ಕೂದಲೆಳೆಯಷ್ಟು ಕೆಳಗಿಳಿಸಿದೆ.
ಪುಟ ಸಪಾಟು, ಹೆಪ್ಪುಗಟ್ಟಿದ ಕೆರೆ.
ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕರಡು ನೋಡಲು ಬಂದ ಕೌಟೊಕೇನೊದ ಯೋವ್ನಾ ಅಜ್ಜ,
ದಿನವಿಡೀ ಬಸ್ಸಿನಲ್ಲಿ ಕೂತು, ಚೀಲದಲ್ಲಿ ಒಣಮಾಂಸ.
ಓದಲಿಲ್ಲ.
ಕಿವಿಯಿಂದ ಕಿವಿಗೆ ಬೆರಳು ನಡೆಸುತ್ತ ಹೋದ.
ಪುಟ ಅರವತ್ತಮೂರು. ಬೆರಳು ನಿಂತಿತು.

"ಇದು ಬಿಯೆರನದು."
ಅಲ್ಲ, ನಿಮ್ಮದೇ, ಹೆಸರು ನೋಡಿ, ಎಂದೆ.
"ಹೆಸರು ನನ್ನದೇ. ಕಿವಿ ಬಿಯೆರನದು.
ಎಡಗಿವಿಯ ತುದಿಗೆ ನಂದೊಂದು ಪುಟ್ಟ ಕಚ್ಚು ಉಂಟು.
ಎಲ್ಲಿ ಅದು?"

ಎಂಟು ಪಟ್ಟು ಹಿಗ್ಗಿಸಿದೆ. ಇತ್ತು.
ಮೊದಲಿನಷ್ಟಕ್ಕೆ ಇಳಿಸಿದೆ. ಇರಲಿಲ್ಲ.
ಸಾಲು ನೆಟ್ಟಗಿರಲೆಂದು
ಇಡೀ ಒಂದು ಮಂದೆಯನ್ನು ಬೇಲಿಯಾಚೆ ದಾಟಿಸಿದ್ದೆ.

"ಬಿಯೆರ ಸತ್ತು ಹನ್ನೆರಡು ವರ್ಷ,"
ಎಂದ ಅಜ್ಜ, ನಕ್ಕನೋ ಏನೋ,
"ಇದ್ದಾಗ ಇಷ್ಟು ಸುಲಭಕ್ಕೆ ಸಿಕ್ಕಿರಲಿಲ್ಲ ಅವನಿಗೆ."

ಕಚ್ಚನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಕೊರೆದೆ,
ಅಳತೆಗೆ ಸುಳ್ಳು, ಕಣ್ಣಿಗೆ ನಿಜ.
ಅದೂ ಸಾಲದೆ, ಅಲ್ಲೊಂದೇ ಕಡೆ
ಸಾಲನ್ನೂ ಸಡಿಲಿಸಿದೆ.

ಈಗ ಆ ಪುಟದಲ್ಲಿ ಮೇಲಿನಿಂದ ಒಂಬತ್ತನೆಯ ಸಾಲು
ತುಸು ತಗ್ಗಿ ನಿಂತಿದೆ.
ಇದು ತಪ್ಪಲ್ಲವೇ, ಎಂದು ಕೇಳಿದ ಯಂತ್ರದ ಹುಡುಗ.
ಅಜ್ಜ ಬಿಟ್ಟುಹೋದ ಮಾಂಸ ಅಗಿಯುತ್ತಿದ್ದೆ;
ಬಲು ಗಟ್ಟಿ.
ಕೂಡಲೇ ಉತ್ತರ ಹೇಳಲಾಗಲಿಲ್ಲ.