ಗುಡಾಣ ತೊಳೆಯುವವನು

ಕುತಾಯಿಸಿಯ ಹೃದಯದ ವಾರ್ಡು, ನಾಲ್ಕನೇ ಹಾಸಿಗೆ.
ಗೊದೆರ್ಜಿ ಮುದುಕ ನನ್ನ ಕೈಯನ್ನೇ ನೋಡುತ್ತಾನೆ,
ಸಾಬೂನಿನ ನೊರೆ, ಹೆಬ್ಬೆರಳ ಬುಡ.
"ಉಗುರಿನ ಸಂದಿ, ಮ್ಜಿಯಾ, ಸಂದಿ."

ನಲವತ್ತು ವರ್ಷ, ನೆಲದಲ್ಲಿ ಹೂತ
ದ್ರಾಕ್ಷಾರಸದ ಗುಡಾಣಗಳಿಗೆ ಇಳಿದು
ಚೆರ್ರಿ ತೊಗಟೆಯ ಕುಂಚದಿಂದ ತಿಕ್ಕಿದವನು.
ಕೊನೆಯ ನೀರನ್ನು ಬೊಗಸೆಯಲ್ಲಿ ಹಿಡಿದು
ಯಜಮಾನನ ಎದುರು ತಾನೇ ಕುಡಿಯಬೇಕು;
ಆಮೇಲೆ ಕೂಲಿ.

"ಕಣ್ಣಿಗೆ ಕಾಣದ್ದೇ ಹುಳಿ ಹಿಡಿಸೋದು," ಅನ್ನುತ್ತಾನೆ.
ಅವನ ಎದೆಯ ನಡುವೆ ಈಗ ಗೇಣುದ್ದ ಹೊಲಿಗೆ,
ಒಳಗೆ ಹೊಸ ಕವಾಟ, ಎಂಟು ದಿನದ್ದು.
ಮೊಮ್ಮಗಳು ಗಾಜಿನಾಚೆಯಿಂದ ಮುತ್ತೊತ್ತಿ ಹೋದಳು.
ಆ ಗುರುತನ್ನೂ ಒರೆಸಿದೆ ನಾನು.

ಇವತ್ತು ಬೆಳಗ್ಗೆ ದೊಡ್ಡ ಡಾಕ್ಟರು ಬಂದರು,
ಫೋನನ್ನು ಜೇಬಿಗಿಳಿಸಿ
ನೇರ ಗಾಯದ ಪಟ್ಟಿಗೆ ಕೈ ಚಾಚಿದರು.
ನನ್ನ ಬಾಯಿ ತೆರೆದು, ಮುಚ್ಚಿತು:
ಹನ್ನೊಂದು ವರ್ಷದ ನೌಕರಿ
ಮಾತನ್ನು ನುಂಗುವುದನ್ನು ಚೆನ್ನಾಗಿ ಕಲಿಸುತ್ತದೆ.

ಮುದುಕ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.
"ಆ ಕೈ ತೊಳೆದ ನೀರನ್ನ
ನೀವು ಕುಡೀತೀರಾ, ಡಾಕ್ಟರೇ?"

ಕಿಟಕಿಯಾಚೆ ರಿಯೋನಿ ನದಿ ಕೆಸರಾಗಿ ಹರಿಯುತ್ತಿತ್ತು.
ಒಳಗೆ ನಲ್ಲಿ ತುಂಬ ಹೊತ್ತು ಸುರಿಯಿತು.
ಅವರ ಹಿಂದೆ ಸಾಲಲ್ಲಿ ನಿಂತು
ನಾನೂ ಇನ್ನೊಮ್ಮೆ ತೊಳೆದುಕೊಂಡೆ,
ಉಗುರಿನ ಸಂದಿ, ಸಂದಿ.