ಬಿನ್ನವತ್ತಳೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಸುಣ್ಣದಂಗಡಿ ಪಕ್ಕ
ನನ್ನ ಪ್ರೆಸ್ಸು. ಹದಿನೆಂಟು ವರ್ಷದಿಂದ
ಹಾಸನದಲ್ಲಿ ಸನ್ಮಾನಗೊಂಡವರನ್ನೆಲ್ಲ
ಒಂದೇ ಅಚ್ಚಿನಲ್ಲಿ ಹೊಗಳಿದ್ದೇನೆ.
'ಸತ್ಯಸಂಧರೇ, ಸಜ್ಜನಿಕೆಯ ಸಾಕಾರಮೂರ್ತಿಗಳೇ'
ಹೆಸರಿನ ಜಾಗ ಮಾತ್ರ ಖಾಲಿ.
ಸುತ್ತ ಅದೇ ಬಳ್ಳಿ, ಮದುವೆ ಕಾರ್ಡಿನದು.
ತಿಥಿ ಕಾರ್ಡಿಗೂ ಅದೇ, ಬಣ್ಣ ಬೇರೆ.

ವರ್ಷಕ್ಕೊಮ್ಮೆ ಬಾಗಿಲು ತೆರೆವ ತಾಯಿಯ ಊರು ನಮ್ಮದು.
ಸತ್ಯಕ್ಕೂ ಹಾಗೇ ಒಂದು ವಾರ ಬಾಗಿಲು ತೆಗೆಯುತ್ತೇವೆ,
ಪ್ರಾಮಾಣಿಕತಾ ಸಪ್ತಾಹ ಅಂತ.
ಸಮಿತಿಯವರು ಬಂದರು.
ಇನ್ನೂರು ಆಹ್ವಾನಪತ್ರ, ಐನೂರಕ್ಕೆ ಬಿಲ್ಲು.
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಕಂಡದ್ದು ಬಿಲ್ಲುಪುಸ್ತಕದ ಕಾರ್ಬನ್ನು,
ಅದು ಮೊದಲೇ ಕರಿಮುಖದ್ದು, ಯಾರಿಗೆ ಹೇಳೀತು?

ಸನ್ಮಾನ ಶಿಂಗ್ರಯ್ಯನಿಗೆ,
ಅರಕಲಗೂಡಿನ ಕೊನೇ ಬಸ್ಸಿನ ಕಂಡಕ್ಟರಿಗೆ.
ಹಿಂದಿನ ಸೀಟಿನಡಿ ಸಿಕ್ಕ ರೆಕ್ಸಿನ್ ಚೀಲ
ಮಂಡಿಗೇ ಹೋಗಿ ಮುಟ್ಟಿಸಿದವನು.
ಗುಮಾಸ್ತ ಮರೆತದ್ದು, ಹಣ ಸಾಹುಕಾರರದು.
ಆಲೂಗೆಡ್ಡೆ ಮಂಡಿಯ ಆ ಕಲ್ಲೇಶಪ್ಪನವರದೇ ಅಧ್ಯಕ್ಷತೆ,
ಶಾಲೂ ಅವರದೇ.

'ಎರಡು ಮಾತಾಡಪ್ಪ' ಅಂದರು.
ಶಿಂಗ್ರಯ್ಯ ಮೈಕಿನ ಕತ್ತು ಹಿಡಿದು ನಿಂತ,
ಐನೂರರ ನೋಟಿಗೆ ಚಿಲ್ಲರೆ ಹುಡುಕುವವನಂತೆ.

'ಸಾಮಿ, ಮೂರು ರಾತ್ರಿ ಮನೇಲೇ ಮಡಗಿದ್ದೆ, ಅಕ್ಕಿ ಡಬ್ಬದಾಗೆ.
ಹೆಂಡ್ರೂ ನಾನೂ ಎರಡು ಕಿತ ಎಣ್ಸಿದ್ವಿ.
ಮೊದಲ್ನೇ ರಾತ್ರಿ ಮನೆ ಕಟ್ಟಿದ್ವಿ,
ಎರಡ್ನೇ ರಾತ್ರಿ ಅದಕ್ಕೆ ಮಹಡಿ ಹಾಕ್ಸಿದ್ವಿ,
ಮೂರ್ನೇ ರಾತ್ರಿ ನಿದ್ದೆ ಬರ್ನಿಲ್ಲ.
ತಂದ್ಕೊಟ್ಟಿದ್ದು ಹೆದ್ರಿಕೆಗೆ, ಒಳ್ಳೇತನಕ್ಕಲ್ಲ.
ನೂರ್ ರೂಪಾಯಿ ತಗ್ದಿವ್ನಿ, ಹಾಲಿನೋನು ಬಾಗ್ಲಲ್ಲಿ ನಿಂತಿದ್ದ.
ಆಮೇಲೆ, ಈ ಪತ್ರದಾಗೆ ನಲವತ್ತು ಸಾವ್ರ ಅಂತ ಐತೆ.
ಇದ್ದಿದ್ದು ನಾಕು ಲಕ್ಷದ ಹತ್ತು.'

ಫ್ಯಾನಿನ ಕಟಕಟ, ಅಷ್ಟೇ.
ಮುಂದಿನ ಸಾಲಿನಲ್ಲಿ ತೆರಿಗೆ ಕಚೇರಿಯವರು ಚಾವಣಿ ನೋಡಿದರು.
ಕಲ್ಲೇಶಪ್ಪನವರ ಮುಖ
ಮಳೆಗೆ ಸಿಕ್ಕ ಗೆಡ್ಡೆ, ಸಿಪ್ಪೆ ಸರಿಯಾಗಿದೆ,
ಒತ್ತಿದರೆ ನೀರು.

ಆಮೇಲೆ ಅವರೇ ಮೊದಲು ನಕ್ಕರು.
ಅಧ್ಯಕ್ಷರು ನಕ್ಕಮೇಲೆ ಉಪಾಧ್ಯಕ್ಷರು,
ಚಾವಣಿಯಿಂದ ಇಳಿದು ತೆರಿಗೆಯವರು,
ಕೊನೇ ಬೆಂಚಿನ ಬಾಡಿಗೆ ಮಕ್ಕಳೂ.
'ಎಂಥ ವಿನಯ! ಎಂಥ ಹಾಸ್ಯಪ್ರಜ್ಞೆ ನಮ್ಮ ಜನಕ್ಕೆ!'
ಚಪ್ಪಾಳೆ. ನಾನೂ ತಟ್ಟಿದೆ, ಸ್ವಲ್ಪ ಜೋರಾಗಿಯೇ.
ಅವನು ಒಬ್ಬನೇ, ಶಾಲಿನೊಳಗೆ ಬೆವರುತ್ತ,
ನಗುವುದಕ್ಕೆ ಏನಿತ್ತೆಂದು ಹುಡುಕುತ್ತಿದ್ದ.
ಉಪ್ಪಿಟ್ಟು ತಿಂದು ಬಂದೆ. ಬಿಲ್ಲಿನಲ್ಲಿ ಅದು ಹೋಳಿಗೆ ಊಟ.
ಆ ಬಿಲ್ಲೂ ನನ್ನ ಪ್ರೆಸ್ಸಿನದೇ.

ಎಂಟನೇ ದಿನ, ಅಂದರೆ ಸಪ್ತಾಹ ಮುಗಿದ ಮಾರನೇ ದಿನ,
ಟವಲಿನಲ್ಲಿ ಸುತ್ತಿ ಫ್ರೇಮು ತಂದ.
'ಲೆಕ್ಕ ತಿದ್ಕೊಡಿ. ಕೆಳಗೆ ಒಂದು ಗೆರೆ ಸೇರ್ಸಿ,
ನೂರು ರೂಪಾಯಿ ಕಮ್ಮಿ ಅಂತ.
ಗೋಡೆಗೆ ನೇತಾಕಿದ್ರೆ ನಮ್ ಹುಡ್ಗಿ ದಿನಾ ಓದ್ತಾಳೆ.
ಓದಕ್ ಬರೋರು ಮನೇಲಿದ್ರೆ ಕಷ್ಟ ಸಾಮಿ.'

ಗಾಜು ಬಿಚ್ಚಿದೆ. ಕಣ್ಣಿಗೆ ಬಿತ್ತು:
'ಸತ್ಯಸಂದರೇ'.
ಮಹಾಪ್ರಾಣ ಯಾವತ್ತೋ ಹೋಗಿದೆ.
ಹದಿನೆಂಟು ವರ್ಷ, ಎಷ್ಟು ಗೋಡೆ, ಎಷ್ಟು ಶಾಲು,
ಓದಿ ಹೇಳಿದವರು ಒಬ್ಬರಿಲ್ಲ.
ಪ್ರೂಫು ನೋಡಿದವನೂ ನಾನೇ.

ತಿದ್ದಿದೆ. ಅವನು ಹೇಳಿದ್ದೆಲ್ಲ ಸೇರಿಸಿದೆ.
ಬಿಸಿ ಹಾಳೆ ಕೈಗಿಟ್ಟು, ಬಿಲ್ಲುಪುಸ್ತಕ ತೆಗೆದು,
ಕಾರ್ಬನ್ನು ಜೋಡಿಸಿ, ರೂಢಿ ನೋಡಿ, ಕೇಳಿಬಿಟ್ಟೆ:
'ಎಷ್ಟಕ್ಕೆ ಬರೀಲಿ?'

ಬೇಲೂರು ಬಸ್ಸು ಹತ್ತಿ ಅರಕಲಗೂಡಿಗೆ ಟಿಕೆಟ್ಟು ಕೇಳಿದವನನ್ನು
ನೋಡುವಂತೆ ನನ್ನ ನೋಡಿದ.
'ಎಷ್ಟಾಯ್ತು?' ಅಂದ.

ಲೆಕ್ಕಕ್ಕೆ ಕೂತೆ. ಕಾಗದ, ಶಾಯಿ, ಕರೆಂಟು.
ಒಂದು ಗೆರೆಗೆ ಎಷ್ಟು?
ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು,
ಕಂತೆಗೆ ಹತ್ತು, ಕಂತೆಗೆ ಹತ್ತು.